ಬಯೋಸಿಮಿಲರ್ ಮೊದಲು ಎಲ್ಲಿ: ಅಮೆರಿಕವೋ, ಯುರೋಪೋ?

ಬಯೋಸಿಮಿಲರ್ ಅಂದರೆ ಜೈವಿಕ ಔಷಧವೊಂದನ್ನು ಬಹುತೇಕ ಹೋಲುವಂತೆ ಬೇರೆ ಕಂಪನಿ ತಯಾರಿಸುವ ಔಷಧ. ಅದನ್ನು ಮೊದಲು ಎಲ್ಲಿ ಮಾರುಕಟ್ಟೆಗೆ ಬಿಡಬೇಕು? ಮೂಲ ಔಷಧದ ಪೇಟೆಂಟ್ ಮುಗಿದ ಮಾತ್ರಕ್ಕೆ ದಾರಿ ತೆರೆಯಿತು ಅಂದುಕೊಳ್ಳಬೇಡಿ. ಪೇಟೆಂಟಿನ 20 ವರ್ಷ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಮಾರುಕಟ್ಟೆ ಏಕಸ್ವಾಮ್ಯ, ಅಂದರೆ ಪೇಟೆಂಟಿನ ಹೊರತಾಗಿಯೂ ಸ್ಪರ್ಧಿ ಬರದಂತೆ ಕಾನೂನು ಕೊಡುವ ರಕ್ಷಣೆ, ಶುರುವಾಗುವುದು ಮೂಲ ಔಷಧಕ್ಕೆ ಅನುಮತಿ ಸಿಕ್ಕ ಮೇಲೆ.

ಅಮೆರಿಕದಲ್ಲಿ ಈ ಏಕಸ್ವಾಮ್ಯ 12 ವರ್ಷ. ಮೊದಲ 4 ವರ್ಷವಂತೂ ಬಯೋಸಿಮಿಲರ್‌ಗೆ ಅರ್ಜಿಯನ್ನೇ ಹಾಕುವಂತಿಲ್ಲ. ಯುರೋಪಿನಲ್ಲಿ ಇದುವರೆಗಿನ ನಿಯಮ: 8 ವರ್ಷ ದತ್ತಾಂಶ ರಕ್ಷಣೆ (ಮೂಲ ಕಂಪನಿಯ ಪರೀಕ್ಷಾ ದತ್ತಾಂಶ ನೆಚ್ಚಿ ಅರ್ಜಿ ಹಾಕುವಂತಿಲ್ಲ), ಮೇಲೆ 2 ವರ್ಷ ಮಾರುಕಟ್ಟೆ ರಕ್ಷಣೆ (ಅನುಮತಿ ಸಿಕ್ಕರೂ ಮಾರುವಂತಿಲ್ಲ), ಕೆಲವೊಮ್ಮೆ ಇನ್ನೊಂದು ವರ್ಷ.

ಕಾಗದದ ಮೇಲೆ ವ್ಯತ್ಯಾಸ ಅಷ್ಟೇ. ಆದರೆ ಸಂಧಿವಾತಕ್ಕೆ ಬಳಸುವ ಜೈವಿಕ ಔಷಧ ಹುಮಿರಾದ ಕತೆ ನೋಡಿ. ಅಮೆರಿಕದ ಅನುಮತಿ 2002ರ ಕೊನೆಯಲ್ಲಿ; ಅಲ್ಲಿನ ಮುಖ್ಯ ಪೇಟೆಂಟ್ 2016ಕ್ಕೆ ಮುಗಿಯಿತು. ಯುರೋಪಿಗೆ ಅದರ ಬಯೋಸಿಮಿಲರ್‌ಗಳು 2018ರಲ್ಲೇ ಬಂದವು, ಅಮೆರಿಕಕ್ಕೆ 2023ರಲ್ಲಿ! ಅಡ್ಡ ನಿಂತದ್ದು ಏಕಸ್ವಾಮ್ಯವಲ್ಲ, ನೂರಕ್ಕೂ ಹೆಚ್ಚು ಪೇಟೆಂಟುಗಳ ಬೇಲಿ. ನನ್ನ ಆಯ್ಕೆ ಯುರೋಪ್. ಅಮೆರಿಕವೇ ಬೇಕೆಂದರೆ ವಕೀಲರ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ.