ಎಲ್ಲರಿಗೂ ಕಾಣುವ ಕೆಲಸದ ಪಟ್ಟಿ: ಟ್ರೆಲೊ ಬಳಸಿದ ಮೂರು ವರ್ಷ

ಅವ್ವ ಹಾಡಿದ ಬೀಸುವ ಪದ, ಕುಟ್ಟುವ ಪದ, ಸೋಬಾನ ಎಲ್ಲ ಸೇರಿ 62 ಹಾಡುಗಳು ನನ್ನ ಫೋನಿನಲ್ಲಿದ್ದವು. ಕೇಳಿ ಬರೆದಿಡಬೇಕು ಎಂದು ವರ್ಷಗಟ್ಟಲೆ ಅಂದುಕೊಂಡದ್ದೇ ಬಂತು. ಶಾಲೆ, ಮನೆ, ಮಕ್ಕಳ ಪರೀಕ್ಷೆಗಳ ನಡುವೆ ಈ ಕೆಲಸವನ್ನು ಕೇಳುವವರೇ ಇರಲಿಲ್ಲ. ಕೇಳುವವರು ಬೇಕು ಎಂದೇ, ಕೆಲಸಗಳ ಪಟ್ಟಿ ಇಡುವ ಟ್ರೆಲೊ ಎಂಬ ಆ್ಯಪ್‌ನಲ್ಲಿ ಒಂದು ಬೋರ್ಡ್ ಮಾಡಿ, ಎಲ್ಲರಿಗೂ ಕಾಣುವಂತೆ 'ಪಬ್ಲಿಕ್' ಮಾಡಿ, ಲಿಂಕನ್ನು ಬಳಗದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ.

ಟ್ರೆಲೊ ಬಂದದ್ದು 2011ರಲ್ಲಿ, 2017ರಿಂದ ಅದು ಅಟ್ಲಾಸಿಯನ್ ಕಂಪನಿಯ ಕೈಯಲ್ಲಿದೆ. ಗೋಡೆಗೆ ಅಂಟಿಸಿದ ಚೀಟಿಯನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಸಿದ ಹಾಗೆ ಇಲ್ಲಿ ಕಾರ್ಡ್ ಸರಿಸುತ್ತೇವೆ. ಜಪಾನಿನ ಟೊಯೋಟಾ ಕಾರ್ಖಾನೆಯ ಕಾನ್‌ಬಾನ್ ಪದ್ಧತಿಯಿಂದ ಬಂದ ಯೋಚನೆ ಇದು. ನಾನು ಬಳಸುವುದು ದುಡ್ಡಿಲ್ಲದ ಆವೃತ್ತಿ. ನೋಡುವವರಿಗೆ ಖಾತೆ ಬೇಕಿಲ್ಲ, ಲಿಂಕ್ ಒತ್ತಿದರೆ ಸಾಕು.

ಮೊದಲ ಸಲ ತಪ್ಪು ಮಾಡಿದೆ. 'ಅವ್ವನ ಹಾಡುಗಳ ಪುಸ್ತಕ' ಎಂದು ಒಂದೇ ದೊಡ್ಡ ಕಾರ್ಡ್ ಬರೆದು ಹಾಕಿದೆ. ಗುಂಪಿನ ತುಂಬ ಅಭಿನಂದನೆ. ಆ ಖುಷಿಯಲ್ಲೇ ಒಂದೂವರೆ ತಿಂಗಳು ಕಳೆಯಿತು, ಒಂದು ಸಾಲೂ ಬರೆಯಲಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಆಮೇಲೆ ಓದಿದೆ. ನಾವು ಇಂಥವರಾಗಬೇಕು ಎಂಬ ಸಂಕಲ್ಪವನ್ನು ಬೇರೆಯವರು ಗಮನಿಸಿದರೆ, ಅರ್ಧ ದಾರಿ ಆಗಲೇ ನಡೆದುಬಿಟ್ಟೆವು ಎಂಬ ತೃಪ್ತಿ ಬಂದು ದುಡಿಮೆ ಸಡಿಲವಾಗಬಹುದು ಎನ್ನುತ್ತದೆ ಅದು. ನನಗೆ ಆದದ್ದೂ ಅದೇ.

ಆ ಕಾರ್ಡ್ ತೆಗೆದು, ಹಾಡಿಗೊಂದರಂತೆ 62 ಕಾರ್ಡ್ ಮಾಡಿದೆ. ಪ್ರತಿಯೊಂದರಲ್ಲೂ ಮೂರೇ ಕೆಲಸ: ಕೇಳುವುದು, ಬರೆಯುವುದು, ಅವ್ವನಿಗೆ ಓದಿ ಹೇಳಿ ತಿದ್ದುವುದು. ಮುಗಿದದ್ದಕ್ಕೆ ಗುರುತು ಹಾಕಿದಂತೆ, ಶೇಕಡಾ ಎಷ್ಟು ಮುಗಿಯಿತು ಎಂದು ತೋರಿಸುವ ಗೆರೆ ತುಂಬುತ್ತದೆ. ಗಡುವು ದಾಟಿದರೆ ದಿನಾಂಕ ಕೆಂಪಾಗುತ್ತದೆ, ಗಡುವು ಬದಲಿಸಿದರೆ ಅದೂ ಕಾರ್ಡಿನ ಚರಿತ್ರೆಯಲ್ಲಿ ಉಳಿಯುತ್ತದೆ. ಒಂದು ಸೋಬಾನಕ್ಕೆ ನಾಲ್ಕು ಸಲ ದಿನಾಂಕ ಮುಂದೂಡಿದ್ದು ಹಾಗೇ ದಾಖಲಾಗಿದೆ. ಐದನೆಯ ಸಲ ಮುಂದೂಡಲು ಮನಸ್ಸಾಗದೆ ರಾತ್ರಿ ಕೂತು ಮುಗಿಸಿದೆ.

ಇದಕ್ಕಿಂತ ದೊಡ್ಡ ಲಾಭ ನಾನು ಎಣಿಸಿರದ ಕಡೆಯಿಂದ ಬಂತು. ಒಂದು ಬೀಸುವ ಪದ ಎರಡು ವಾರ ಅಲ್ಲಾಡದೆ ನಿಂತಿತ್ತು. ಹುಬ್ಬಳ್ಳಿಯಿಂದ ಚಿಕ್ಕವ್ವ ಫೋನ್ ಮಾಡಿದಳು: "ಯಾಕವಾ, ಆ ಪದ ಅಲ್ಲೇ ನಿಂತೈತಲ್ಲ?" ಫ್ಯಾನಿನ ಸದ್ದಿನಲ್ಲಿ ಒಂದು ಶಬ್ದ 'ಅಡಿಗಿ' ಎಂದು ಕೇಳಿಸುತ್ತದೆ, ಅರ್ಥ ಕೂಡುವುದಿಲ್ಲ ಎಂದೆ. ಸಾಲು ಓದಿಸಿಕೊಂಡು, "ಅಡಿಗಿ ಅಲ್ಲ, ಹೆಡಿಗಿ. ಜ್ವಾಳ ತುಂಬೋ ದೊಡ್ಡ ಬುಟ್ಟಿ" ಎಂದಳು. ಆಕೆ ಆ ಹಾಡನ್ನು ತನ್ನ ಬಾಯಿಂದಲೇ ಪೂರ್ತಿ ಹಾಡಿದಾಗ, ಅವ್ವ ಬಿಟ್ಟಿದ್ದ ಎರಡು ನುಡಿಗಳೂ ಸಿಕ್ಕವು. ಪಟ್ಟಿ ನನ್ನ ಡೈರಿಯಲ್ಲೇ ಇದ್ದಿದ್ದರೆ ಆ ನುಡಿಗಳು ನನಗೆ ಸಿಗುತ್ತಿರಲಿಲ್ಲ.

ಬೋರ್ಡಿನಲ್ಲಿ ಏನು ಬದಲಾಯಿತು ಎಂಬ ಸುದ್ದಿ ಸುಮ್ಮನೆ ನೋಡಿ ಹೋಗುವವರಿಗೆ ತಾನಾಗಿ ತಲುಪುವುದಿಲ್ಲ. ಅದಕ್ಕೇ ಪ್ರತಿ ಭಾನುವಾರ ಸಂಜೆ ಆ ವಾರ ಸರಿದ ಕಾರ್ಡುಗಳ ಹೆಸರನ್ನು ಗುಂಪಿಗೆ ಕಳಿಸುತ್ತೇನೆ. 2016ರಲ್ಲಿ 138 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೂ ಪ್ರಗತಿಯನ್ನು ಬರೆದಿಟ್ಟರೆ ಅಥವಾ ಬೇರೆಯವರಿಗೆ ತಿಳಿಸಿದರೆ ಗುರಿ ಮುಟ್ಟಲು ಹೆಚ್ಚು ನೆರವಾಗುತ್ತದೆ ಎಂದಿದೆ. ಕಾಣದ ಸಾವಿರ ಮಂದಿಗಿಂತ, ಹೆಸರು ಹಿಡಿದು ಕೇಳುವ ನಾಲ್ಕು ಮಂದಿ ಸಾಕು ಎಂಬುದು ನನ್ನ ಅನುಭವ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಪಬ್ಲಿಕ್ ಬೋರ್ಡ್ ಗೂಗಲ್ ಹುಡುಕಾಟದಲ್ಲೂ ಸಿಗಬಹುದು. ಜನ ಇಂಥ ತೆರೆದ ಬೋರ್ಡುಗಳಲ್ಲಿ ಪಾಸ್‌ವರ್ಡ್ ಬರೆದಿಟ್ಟದ್ದು 2018ರಲ್ಲಿ ಸುದ್ದಿಯಾಗಿತ್ತು. ನಾನೂ ಒಮ್ಮೆ ಹಾಡು ಗೊತ್ತಿದ್ದ ಹಿರಿಯರೊಬ್ಬರ ಫೋನ್ ನಂಬರನ್ನು ಕಾರ್ಡಿನಲ್ಲಿ ಬರೆದುಬಿಟ್ಟಿದ್ದೆ. ಮರುದಿನ ಕಣ್ಣಿಗೆ ಬಿದ್ದ ಕೂಡಲೇ ಅಳಿಸಿ, ಅವರಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಅಂದಿನಿಂದ ಆಸ್ಪತ್ರೆ, ಸಾಲ, ಮಕ್ಕಳ ವಿಷಯ ಎಲ್ಲಕ್ಕೂ ಬೇರೆ ಬೋರ್ಡ್, ಅದು ನನಗೊಬ್ಬಳಿಗೇ ಕಾಣುತ್ತದೆ. ಹಾಡುಗಳನ್ನು ತೆರೆದಿಡುವ ಮೊದಲು ಅವ್ವನ ಒಪ್ಪಿಗೆಯನ್ನೂ ಕೇಳಿದ್ದೆ.

ಇವತ್ತಿಗೆ 47 ಹಾಡುಗಳು ಮುಗಿದ ಸಾಲಿನಲ್ಲಿವೆ. ಉಳಿದ 15ರಲ್ಲಿ ಆರರ ನಡುವಿನ ನುಡಿಗಳು ಅವ್ವನಿಗೆ ನೆನಪಾಗುತ್ತಿಲ್ಲ. ಆ ಆರು ಕಾರ್ಡುಗಳಿಗೆ ಮಾತ್ರ ನಾನು ಗಡುವು ಹಾಕಿಲ್ಲ.