ಹೊಸ ಡಿಸೈನ್ ನೋಡಿ ಹಳೆ ಎಸ್‌ಯುವಿ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಈಚೆಗೆ ಡಿಸೈನ್ ಬದಲಾಗಿ ಬಂದಿರುವ ದೊಡ್ಡ, ದುಬಾರಿ ಎಸ್‌ಯುವಿ ಮೇಲೆ ನಿಮಗೆ ಮನಸ್ಸಾಗಿದೆಯಾ? ಅದೇ ಗಾಡಿಯ ಹಳೆ ಮಾಡೆಲ್ ಈಗಾಗಲೇ ನಿಮ್ಮ ಹತ್ತಿರ ಇದೆಯಾ? ಹಾಗಿದ್ದರೆ ದಯವಿಟ್ಟು ಬುಕಿಂಗ್ ಮಾಡುವ ಮುಂಚೆ ಹತ್ತು ನಿಮಿಷ ಕೊಡಿ. ನಾನು ಹಳೆಯದನ್ನು ಏಳು ವರ್ಷ ಓಡಿಸಿದೆ. ಹೊಸದು ಮನೆಗೆ ಬಂದು ಹದಿನಾಲ್ಕು ತಿಂಗಳಾಯಿತು. ಹಳೆಯದನ್ನು ಕೊಟ್ಟೆನಲ್ಲಾ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಈ ದಾರಿ ಹಿಡಿದಿರುವುದು ಅದೊಂದೇ ಅಲ್ಲ. ಬಟನ್ ಕಡಿಮೆ, ಸ್ಕ್ರೀನ್ ದೊಡ್ಡದು, ಚಕ್ರ ಇನ್ನೂ ದೊಡ್ಡದು. ಈ ದರ್ಜೆಯ ಗಾಡಿಗಳಲ್ಲಿ ಹೆಚ್ಚಿನವು ಹೀಗೇ ಬದಲಾಗುತ್ತಿವೆ.

ಮೊದಲು ಆ ರಾತ್ರಿಯ ಮಾತು ಹೇಳಿಬಿಡುತ್ತೇನೆ.

ಗಾಡಿಯಲ್ಲಿ ಐದು ಜನ ಇದ್ದೆವು. ನಾನು, ನನ್ನ ಹೆಂಡತಿ, ಅಮ್ಮ, ಇಬ್ಬರು ಮಕ್ಕಳು. ಹತ್ತುವಾಗಲೇ ಎಲ್ಲರೂ ಮಳೆಯಲ್ಲಿ ಅರ್ಧ ನೆಂದಿದ್ದೆವು. ಹೈವೇಯಲ್ಲಿ ಗಂಟೆಗೆ 80 ಕಿ.ಮೀ. ವೇಗ. ಮುಂದೆ ಹೋಗುತ್ತಿದ್ದ ಲಾರಿಯ ಹೊಗೆ ಒಳಗೆ ಬಾರದಿರಲಿ ಅಂತ ಸ್ವಲ್ಪ ಹೊತ್ತಿನ ಹಿಂದೆ ಹೊರಗಿನ ಗಾಳಿ ಬಂದ್ ಮಾಡಿದ್ದೆ. ಆಮೇಲೆ ಅದು ಮರೆತೇ ಹೋಗಿತ್ತು. ಒದ್ದೆ ಬಟ್ಟೆ, ಐದು ಜನರ ಉಸಿರು, ಅದದೇ ಗಾಳಿ ಒಳಗೇ ಸುತ್ತುತ್ತಿದೆ. ಮುಂದಿನ ಗಾಜು ಕೆಳಗಿನಿಂದ ಮಸುಕಾಗುತ್ತಾ ಬಂತು.

ಹಳೆ ಗಾಡಿಯಲ್ಲಿ ಇದು ದೊಡ್ಡ ವಿಷಯವೇ ಅಲ್ಲ. ಸ್ಟೀರಿಂಗ್ ಪಕ್ಕದಲ್ಲಿ ಮೂರು ನಾಬ್ ಇದ್ದವು. ನಡುವಿನದನ್ನು ಕೊನೆಯವರೆಗೆ ತಿರುಗಿಸಿದರೆ ಟಕ್ ಅಂತ ಸದ್ದು, ಗಾಳಿ ನೇರ ಗಾಜಿಗೆ. ಕಣ್ಣು ರಸ್ತೆ ಬಿಟ್ಟು ಕದಲುತ್ತಿರಲಿಲ್ಲ. ಹೊಸದರಲ್ಲಿ ಆ ಜಾಗದಲ್ಲಿ ನುಣುಪಾದ ಕಪ್ಪು ಗಾಜು ಇದೆ, ಅಷ್ಟೇ. ಮ್ಯಾಪ್ ಇಡೀ ಸ್ಕ್ರೀನ್ ತುಂಬಿಕೊಂಡಿದ್ದರೆ ಎ.ಸಿ. ಚಿಹ್ನೆಗಳು ಕಾಣುವುದಿಲ್ಲ. ಕೆಳಗಿನ ಅಂಚನ್ನು ಒಮ್ಮೆ ಒತ್ತಬೇಕು, ಆಮೇಲೆ ಬರುವ ಪುಟದಲ್ಲಿ ಬಲಗಡೆಯ ಸಣ್ಣ ಚಿತ್ರ ಒತ್ತಬೇಕು. ಮೊದಲನೆಯದನ್ನು ಒತ್ತಿದೆ. ಸ್ಕ್ರೀನ್ ಪೂರ್ತಿ ಕಪ್ಪಾಯಿತು. ಎರಡು ಕ್ಷಣ ಬಿಟ್ಟು ಕಂಪನಿಯ ಲೋಗೋ ಮೂಡಿತು. ಅದು ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು.

ಎದುರಿನ ಲೈಟುಗಳೆಲ್ಲ ಗಾಜಿನ ಮೇಲೆ ಹರಡಿಕೊಂಡು ಬೆಳ್ಳಗೆ ಕಾಣುತ್ತಿದ್ದವು. ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಎರಡೂ ಕಡೆಯ ಕಿಟಕಿ ಇಳಿಸಿದೆ, ಮಳೆ ಒಳಗೆ ಬಂತು. ಹೆಂಡತಿ ಮಗುವಿನ ಟವಲ್ ತೆಗೆದುಕೊಂಡು, ಮುಂದಕ್ಕೆ ಬಾಗಿ, ನನ್ನ ಮುಂದಿನ ಗಾಜನ್ನು ಒಂದು ಅಂಗೈಯಷ್ಟು ಒರೆಸಿದಳು. ಆ ಅಂಗೈಯಗಲದ ಜಾಗದಿಂದ ನೋಡಿಕೊಂಡು ಗಾಡಿ ಪಕ್ಕಕ್ಕೆ ತಂದೆ. ಪುಣ್ಯಕ್ಕೆ ಹಜಾರ್ಡ್ ಲೈಟಿನ ಬಟನ್ ಮಾತ್ರ ನಿಜವಾದ ಬಟನ್ ಆಗಿಯೇ ಉಳಿದಿತ್ತು.

"ಯಾಕೋ, ಗಾಡಿ ಕೆಟ್ಟೋಯ್ತಾ?" ಅಂದರು ಅಮ್ಮ.

"ಇಲ್ಲಮ್ಮ, ಸ್ಕ್ರೀನ್ ಆಫ್ ಆಗಿದೆ."

"ಅದು ಆಫ್ ಆದ್ರೆ ಗಾಜು ಯಾಕೋ ಕಾಣಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಲೆಕ್ಕ ಹಾಕಿ ನೋಡಿ. 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಐದು ಸೆಕೆಂಡ್ ಸ್ಕ್ರೀನ್ ಕಡೆ ನೋಡಿದರೆ ನೂರು ಮೀಟರಿಗಿಂತ ಜಾಸ್ತಿ ದೂರ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. 2022ರಲ್ಲಿ ಸ್ವೀಡನ್ನಿನ 'ವಿ ಬಿಲ್‌ಎಗಾರೆ' ಅನ್ನುವ ಕಾರು ಪತ್ರಿಕೆ ಇದನ್ನೇ ಪರೀಕ್ಷೆ ಮಾಡಿತ್ತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸುತ್ತಾ ನಾಲ್ಕು ಸಣ್ಣ ಕೆಲಸ ಮಾಡಬೇಕು. ಬಿಸಿ ಹೆಚ್ಚಿಸಿ ಗಾಜಿನ ಆವಿ ತೆಗೆಯುವುದು, ರೇಡಿಯೋದಲ್ಲಿ ಹೇಳಿದ ಸ್ಟೇಷನ್ ಹಾಕುವುದು, ಇಂಥವು. ಬರೀ ಬಟನ್ ಇದ್ದ 2005ರ ಹಳೆ ವೋಲ್ವೋ ವಿ70ಗೆ ಹತ್ತು ಸೆಕೆಂಡ್ ಸಾಕಾಯಿತು. ಅಷ್ಟರಲ್ಲಿ ಅದು ಹೋಗಿದ್ದು 306 ಮೀಟರ್. ಎಲ್ಲಕ್ಕಿಂತ ಕೊನೆಯ ಸ್ಥಾನಕ್ಕೆ ಬಿದ್ದ ಹೊಸ ಗಾಡಿಗೆ ಸುಮಾರು 45 ಸೆಕೆಂಡ್ ಬೇಕಾಯಿತು, ಅಂದರೆ 1,300 ಮೀಟರಿಗೂ ಮೇಲೆ. ಗಾಡಿ ಓಡಿಸಿದವರಿಗೆ ಮೊದಲೇ ಸ್ಕ್ರೀನ್ ಅಭ್ಯಾಸ ಮಾಡಿಕೊಳ್ಳಲು ಸಮಯ ಕೊಟ್ಟಿದ್ದರು. ಆದರೂ ಹೀಗೆ. "ಸರ್, ಒಂದು ವಾರ ಓಡಿಸಿ, ಅಭ್ಯಾಸ ಆಗುತ್ತೆ" ಅಂತ ಶೋರೂಮಿನಲ್ಲಿ ಹೇಳುತ್ತಾರಲ್ಲ, ಆ ಮಾತು ನಂಬಬೇಡಿ. ಹದಿನಾಲ್ಕು ತಿಂಗಳಾದರೂ ನನ್ನ ಬೆರಳಿಗೆ ಆ ಜಾಗ ಗೊತ್ತಾಗಿಲ್ಲ. ನುಣುಪು ಗಾಜಿನ ಮೇಲೆ ಬೆರಳಿಗೆ ಗುರುತು ಎಲ್ಲಿಂದ ಸಿಗಬೇಕು?

ಕಾರುಗಳ ಸುರಕ್ಷತೆ ಪರೀಕ್ಷಿಸುವ ಯೂರೋ ಎನ್‌ಕ್ಯಾಪ್ ಸಂಸ್ಥೆಗೂ ಇದು ಅರ್ಥವಾಗಿದೆ. ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ತುರ್ತು ಕರೆ, ಈ ಐದಕ್ಕೆ ಕೈಗೆ ಸಿಗುವ ಬಟನ್ ಅಥವಾ ಸ್ಟೀರಿಂಗ್ ಪಕ್ಕದ ಕಡ್ಡಿ ಇದ್ದರೆ ಮಾತ್ರ 2026ರಿಂದ ಪೂರ್ತಿ ಐದು ಸ್ಟಾರ್ ಅಂತ ಅದು ಹೇಳಿತ್ತು. ಒಳ್ಳೆಯದೇ. ಆದರೆ ಆ ಐದರಲ್ಲಿ ಗಾಜಿನ ಆವಿ ತೆಗೆಯುವ ಬಟನ್ ಇಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು.

ಸ್ಕ್ರೀನ್ ಆಫ್ ಆಗಿದ್ದಕ್ಕೆ ಸರ್ವಿಸ್‌ನವರು ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ, "ಇನ್ಮೇಲೆ ಆಗಲ್ಲ ಸರ್" ಅಂದರು. ಆಮೇಲೆ ಎರಡು ಸಲ ಆಯಿತು. ಎರಡೂ ಸಲ ಹಗಲು, ಬಿಸಿಲು, ಹಾಗಾಗಿ ಏನೂ ಆಗಲಿಲ್ಲ.

ಇನ್ನು ಟೈರಿನ ವಿಷಯ. ಹಳೆ ಗಾಡಿಯ ಟೈರಿನ ಮೇಲೆ 255/55 ಆರ್19 ಅಂತ ಇತ್ತು. ಹೊಸದರ ಮೇಲೆ 275/40 ಆರ್22. ಈ ಅಂಕಿ ಓದಲು ಕಲಿತಿದ್ದರೆ ಅವತ್ತೇ ಎಚ್ಚರ ಆಗುತ್ತಿದ್ದೆ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡ ಎಷ್ಟು ಭಾಗ ಪಕ್ಕದ ಗೋಡೆಯ ಎತ್ತರ ಅನ್ನುವುದು. ಹಳೆಯದರಲ್ಲಿ ರಿಮ್ಮಿಗೂ ನೆಲಕ್ಕೂ ನಡುವೆ 140 ಮಿ.ಮೀ. ರಬ್ಬರ್ ಇತ್ತು. ಹೊಸದರಲ್ಲಿ 110. ಮೂರು ಸೆಂಟಿಮೀಟರ್ ಕಮ್ಮಿ. ಫೋಟೋದಲ್ಲಿ ದೊಡ್ಡ ಚಕ್ರ ಬಹಳ ಚೆನ್ನಾಗಿ ಕಾಣುತ್ತದೆ, ನಿಜ. ನಾಲ್ಕನೇ ತಿಂಗಳಲ್ಲಿ ನೀರು ತುಂಬಿದ ಒಂದು ಹೊಂಡಕ್ಕೆ ಮುಂದಿನ ಎಡ ಚಕ್ರ ಇಳಿಯಿತು. ವೇಗ ಏನೂ ಜಾಸ್ತಿ ಇರಲಿಲ್ಲ. ಟೈರಿನ ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ಸೀಳಿತ್ತು, ರಿಮ್ಮಿನ ಅಂಚು ಮಡಚಿಕೊಂಡಿತ್ತು.

ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ! ಅಂಟಿನ ಬಾಟಲಿ, ಸಣ್ಣ ಪಂಪು ಇಟ್ಟಿದ್ದಾರೆ. ಆ ಅಂಟು ಟೈರಿನ ತಳಕ್ಕೆ ಮೊಳೆ ಚುಚ್ಚಿದರೆ ಆಗುತ್ತದೆ, ಪಕ್ಕದ ಗೋಡೆ ಸೀಳಿದರೆ ಏನೂ ಉಪಯೋಗವಿಲ್ಲ. ಗಾಡಿ ಎತ್ತಿಕೊಂಡು ಹೋಗುವವರು ಬರುವವರೆಗೆ ಮೂರು ಗಂಟೆ ಕಾದೆವು. ಹಳೆ ಗಾಡಿಯಲ್ಲಿ ಏಳು ವರ್ಷದಲ್ಲಿ ಒಂದು ರಿಮ್ಮೂ ಹೋಗಿರಲಿಲ್ಲ. ದಾರಿ ಅದೇ, ಓಡಿಸಿದವನೂ ನಾನೇ.

ಒಳಗಿನ ಕಪ್ಪು ಹೊಳಪಿನ ಪ್ಲಾಸ್ಟಿಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಧೂಳು, ಬೆರಳಚ್ಚು ಎರಡೂ ಎದ್ದು ಕಾಣುತ್ತವೆ. ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ.

ಒಳ್ಳೆಯದನ್ನೂ ಹೇಳಬೇಕು. ಗಾಡಿ ಒಳಗೆ ತುಂಬಾ ಶಾಂತ. ಹಿಂದಿನ ಚಕ್ರಗಳೂ ಸ್ವಲ್ಪ ತಿರುಗುವುದರಿಂದ ಇಕ್ಕಟ್ಟಿನ ಜಾಗದಲ್ಲಿ ತಿರುಗಿಸುವುದು ಸುಲಭ. ಹೆಡ್‌ಲೈಟ್ ಅದ್ಭುತ. ಎಂಜಿನಿಯರುಗಳ ಕೆಲಸದಲ್ಲಿ ನನಗೆ ದೂರಿಲ್ಲ. ದಿನಾ ಕೈ ಮುಟ್ಟುವ ಜಾಗಗಳನ್ನು ಕಿತ್ತುಹಾಕಿದ್ದರ ಮೇಲೆ ನನ್ನ ದೂರು.

ಇಷ್ಟೆಲ್ಲ ಇದ್ದೂ ನಾನು ಯಾಕೆ ತಗೊಂಡೆ? ಮಾಲೀಕರ ಅಭಿಪ್ರಾಯ ಓದದೆ ಅಲ್ಲ. ಎರಡು ತಿಂಗಳು ಅದನ್ನೇ ಓದಿದ್ದೆ. ಎಲ್ಲ ಹೊಗಳಿಕೆ. ಈಗ ಅವನ್ನೇ ತೆಗೆದು ತಾರೀಖು ನೋಡಿದರೆ ಎಲ್ಲವೂ ಡೆಲಿವರಿ ಆದ ಮೂರು ನಾಲ್ಕು ವಾರದೊಳಗೆ ಬರೆದವು. ಆಗ ಇನ್ನೂ ಹೊಸ ಚರ್ಮದ ವಾಸನೆ ಹೋಗಿರುವುದಿಲ್ಲ. ಮಳೆಗಾಲ ನೋಡಿರುವುದಿಲ್ಲ. ಒಂದು ಟೈರೂ ಹೋಗಿರುವುದಿಲ್ಲ. ಅಷ್ಟು ದುಡ್ಡು ಕೊಟ್ಟ ಮೇಲೆ ಚೆನ್ನಾಗಿಲ್ಲ ಅಂತ ತಮಗೆ ತಾವೇ ಹೇಳಿಕೊಳ್ಳುವುದೂ ಕಷ್ಟ. ಇನ್ನು ಕೆಲವರು ಹಳೆಯದನ್ನು ಓಡಿಸಿಯೇ ಇರಲಿಲ್ಲ. ಅವರಿಗೆ ಏನು ಹೋಯಿತು ಅಂತ ಹೇಗೆ ಗೊತ್ತಾಗಬೇಕು?

ನಾನೂ ಹಾಗೇ ಮಾಡಿದೆ. ಗಾಡಿ ಬಂದ ಒಂಬತ್ತನೇ ದಿನ ಕೂತು, ಐದಕ್ಕೆ ಐದು ಕೊಟ್ಟು, ಉದ್ದಕ್ಕೆ ಬರೆದಿದ್ದೆ. ದೊಡ್ಡ ಸ್ಕ್ರೀನನ್ನೂ ಹೊಗಳಿದ್ದೆ. ಅದನ್ನು ಓದಿ ಯಾರಾದರೂ ಗಾಡಿ ತಗೊಂಡಿದ್ದರೆ ಅವರ ಹತ್ತಿರ ಕ್ಷಮೆ ಕೇಳುತ್ತೇನೆ. ಆ ಬರಹ ತೆಗೆದಿದ್ದೇನೆ. ಅದರ ಬದಲಿಗೆ ಇದು.

ನಿಮಗೆ ಬೇಕಾಗಿರುವುದು ಹಳೆಯದು, ಹೊಸದು ಎರಡನ್ನೂ ಓಡಿಸಿ, ಹೊಸದರಲ್ಲಿ ಕನಿಷ್ಠ ಒಂದು ವರ್ಷ ಕಳೆದವರ ಮಾತು. ಹೇಗಿದೆ ಅಂತ ಸುಮ್ನೆ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಸ್ಕ್ರೀನ್ ಎಷ್ಟು ಸಲ ನಿಂತಿದೆ, ಎಷ್ಟು ಟೈರ್ ಹೋಗಿವೆ, ಮಳೆಯಲ್ಲಿ ರಾತ್ರಿ ಓಡಿಸಿದ್ದೀರಾ ಅಂತ ಕೇಳಿ. ಟೆಸ್ಟ್ ಡ್ರೈವ್‌ಗೆ ಸಂಜೆ ಕತ್ತಲಾದ ಮೇಲೆ ಹೋಗಿ. ಮ್ಯಾಪ್ ಪೂರ್ತಿ ಸ್ಕ್ರೀನಿಗೆ ಹಾಕಿಸಿ. ಗಾಡಿ ನಿಂತಿರುವಾಗಲೇ, ಕಣ್ಣು ಮುಂದಿನ ರಸ್ತೆಯ ಮೇಲೇ ಇಟ್ಟುಕೊಂಡು, ಗಾಜಿನ ಆವಿ ತೆಗೆಯುವುದನ್ನು ಆನ್ ಮಾಡಲು ಆಗುತ್ತದಾ ನೋಡಿ. ಆಗದಿದ್ದರೆ ಓಡುವಾಗ ಖಂಡಿತ ಆಗುವುದಿಲ್ಲ. ಡಿಕ್ಕಿಯ ತಳದ ಹಲಗೆ ಎತ್ತಿಸಿ ಸ್ಟೆಪ್ನಿ ಇದೆಯಾ ನೋಡಿ. ಚಿಕ್ಕ ಚಕ್ರದ ಆಯ್ಕೆ ಇದೆಯಾ ಅಂತ ನೀವಾಗಿಯೇ ಕೇಳಿ, ಅವರಾಗಿ ಹೇಳುವುದಿಲ್ಲ. ಮುಖ್ಯವಾಗಿ, ಹಳೆ ಗಾಡಿಯ ಕೀಲಿಯನ್ನು ಅವತ್ತೇ ಕೊಟ್ಟು ಬರಬೇಡಿ.

ನಾನು ಈ ಗಾಡಿಗೆ ಕಂಪನಿಯೇ ಒಪ್ಪಿದ ಚಿಕ್ಕ ಸೈಜಿನ ಚಕ್ರಗಳನ್ನು ಆರ್ಡರ್ ಮಾಡಿದ್ದೇನೆ. ಮುಂದಿನ ವಾರ ಬರುತ್ತವೆ. ಸ್ಕ್ರೀನಿಗೆ ಏನೂ ಮಾಡಲು ಆಗಿಲ್ಲ. ಮೋಡ ಕಂಡರೆ ಹೊರಡುವ ಮುಂಚೆಯೇ ಗಾಳಿಯನ್ನು ಗಾಜಿನ ಕಡೆ ಇಟ್ಟುಕೊಳ್ಳುತ್ತೇನೆ. ಆ ಟವಲ್ ಈಗ ಯಾವಾಗಲೂ ಬಾಗಿಲಿನ ಜೇಬಿನಲ್ಲೇ ಇರುತ್ತದೆ.