ಮ್ಯಾಗ್ನೆಟಿಕ್ ಟ್ವೀಜರ್ಸ್: ಯಂತ್ರ ಗಟ್ಟಿ, ಸಾಫ್ಟ್‌ವೇರ್ ಸುಮಾರು

ಒಂಟಿ ಡಿಎನ್‌ಎ ಎಳೆಯನ್ನು ಅಯಸ್ಕಾಂತದಿಂದ ಎಳೆದು, ತಿರುಗಿಸಿ ನೋಡುವ ಈ ಯಂತ್ರ ಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಪರದೆ ತೋರಿಸುವ ಬಲದ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಉಳಿದದ್ದಕ್ಕೆ ನನ್ನ ತಕರಾರು ಕಡಿಮೆ.

ಡಿಎನ್‌ಎ ಎಳೆಯ ಒಂದು ತುದಿ ಗಾಜಿಗೆ ಅಂಟಿರುತ್ತದೆ, ಇನ್ನೊಂದು ತುದಿಗೆ 2.8 ಮೈಕ್ರಾನಿನ ಕಾಂತೀಯ ಮಣಿ. ಮೇಲೆ ಎರಡು ನಿಯೋಡಿಮಿಯಂ ಅಯಸ್ಕಾಂತ. ಅವು ಕೆಳಗಿಳಿದರೆ ಎಳೆತ ಜಾಸ್ತಿ, ತಿರುಗಿದರೆ ಎಳೆಗೆ ಹುರಿ ಬೀಳುತ್ತದೆ. ಈ ಹುರಿ ಹಾಕುವುದರಲ್ಲಿ ಯಂತ್ರಕ್ಕೆ ಪೂರ್ತಿ ಅಂಕ. ಅರ್ಧ ಪಿಕೊನ್ಯೂಟನ್ (ನ್ಯೂಟನ್ನಿನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೊನ್ಯೂಟನ್) ಎಳೆತದಲ್ಲಿ ತಿರುಗಿಸುತ್ತಾ ಹೋದರೆ ಮೊದಲು ಮಣಿ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಆಮೇಲೆ ಅತಿಯಾಗಿ ಹೊಸೆದ ಹಗ್ಗದ ಹಾಗೆ ಎಳೆ ತನಗೆ ತಾನೇ ಸುತ್ತಿಕೊಳ್ಳುತ್ತದೆ, ಸುತ್ತಿಗಿಷ್ಟು ಅಂತ ಮಣಿ ಕೆಳಗಿಳಿಯುತ್ತದೆ. 1996ರಲ್ಲಿ ಪ್ಯಾರಿಸ್ಸಿನ ಗುಂಪೊಂದು ತೋರಿಸಿದ್ದು ಇದನ್ನೇ. ಎಳೆಯ ಎರಡು ದಾರಗಳಲ್ಲಿ ಒಂದು ಎಲ್ಲೋ ತುಂಡಾಗಿದ್ದರೆ ಮಾತ್ರ ಎಷ್ಟು ತಿರುಗಿಸಿದರೂ ಮಣಿ ಜಪ್ಪಯ್ಯ ಅನ್ನುವುದಿಲ್ಲ.

ಇನ್ನು ಬಲದ ಕಥೆ. ಸಾಫ್ಟ್‌ವೇರ್ ಅಯಸ್ಕಾಂತದ ಎತ್ತರ ನೋಡಿ ಕಂಪನಿಯ ಕೋಷ್ಟಕದಿಂದ ಒಂದು ಅಂಕಿ ಎತ್ತಿ ತೋರಿಸುತ್ತದೆ, ಅಷ್ಟೇ. ಮಣಿಯಿಂದ ಮಣಿಗೆ ಕಾಂತೀಯತೆ ಬೇರೆ ಇರುತ್ತದೆ, ಅದು ಕೋಷ್ಟಕಕ್ಕೆ ಹೇಗೆ ಗೊತ್ತಾಗಬೇಕು? ಮಣಿಯ ಓಲಾಟವನ್ನೇ ಅಳೆಯಿರಿ. ನೀರಿನ ಅಣುಗಳು ಅದನ್ನು ಸುಮ್ನೆ ಇರಲು ಬಿಡುವುದಿಲ್ಲ. ಎಳೆತ ಹೆಚ್ಚಿದಷ್ಟೂ ಓಲಾಟ ಕಡಿಮೆ. 5 ಮೈಕ್ರಾನ್ ಉದ್ದದ ಎಳೆಯ ಮಣಿ 1 ಪಿಕೊನ್ಯೂಟನ್‌ನಲ್ಲಿ ಸುಮಾರು 140 ನ್ಯಾನೊಮೀಟರ್ ಓಲಾಡುತ್ತದೆ, ಎಳೆತ 10 ಆದರೆ ಸುಮಾರು 45. ಲೆಕ್ಕ ಸುಲಭ: ಉದ್ದವನ್ನು 4.1ರಿಂದ (ಕೋಣೆಯ ತಾಪದಲ್ಲಿ ಅಣುಗಳ ಒದೆತದ ಶಕ್ತಿ, ಪಿಕೊನ್ಯೂಟನ್-ನ್ಯಾನೊಮೀಟರಿನಲ್ಲಿ) ಗುಣಿಸಿ, ಓಲಾಟದ ವರ್ಗದ ಸರಾಸರಿಯಿಂದ ಭಾಗಿಸಿ. ಉದ್ದ, ಓಲಾಟ ಎರಡೂ ನ್ಯಾನೊಮೀಟರಿನಲ್ಲಿದ್ದರೆ ಉತ್ತರ ಪಿಕೊನ್ಯೂಟನ್‌ನಲ್ಲೇ ಬರುತ್ತದೆ.

ಗಿಡ್ಡ ಎಳೆ, ಜೋರು ಎಳೆತ ಆದರೆ ಮಣಿಯನ್ನು ನೋಡುವ ಕ್ಯಾಮೆರಾ ಸೋಲುತ್ತದೆ. ಮಣಿ ಅಷ್ಟು ಬೇಗ ಅಲುಗುವಾಗ ಚಿತ್ರ ಮಸುಕಾಗಿ ಓಲಾಟ ಕಡಿಮೆ ಕಾಣುತ್ತದೆ, ಬಲ ಇದ್ದದ್ದಕ್ಕಿಂತ ಜಾಸ್ತಿ ಬರುತ್ತದೆ. ಇದನ್ನು ಸರಿಪಡಿಸುವ ಸೌಲಭ್ಯ ಸಾಫ್ಟ್‌ವೇರಿನಲ್ಲಿಲ್ಲ. ಕಂಪನಿಗೆ ಬರೆದು ಕೇಳಿದರೆ ಕೈಪಿಡಿಯ ಪುಟವೊಂದನ್ನು ಕಳಿಸಿದರು. ಆ ಪುಟ ಓದಿಯೇ ಅಲ್ವಾ ನಾನು ಬರೆದದ್ದು!

ಮಾದರಿಯ ದ್ರವ ಹರಿಯುವ ಗಾಜಿನ ಕೋಶದ (ಫ್ಲೋ ಸೆಲ್) ಗ್ಯಾಸ್ಕೆಟ್ ಸೋರುತ್ತಿತ್ತು, ಬೇರೆಯದು ಹಾಕಿಕೊಂಡೆವು. ಬೆಳಕಿನಿಂದ ಮಣಿ ಹಿಡಿಯುವ ಲೇಸರ್ ಟ್ವೀಜರ್ಸ್‌ನಂತೆ ಮಾದರಿ ಬಿಸಿಯಾಗುವ ಚಿಂತೆ ಇಲ್ಲ. ಹತ್ತಾರು ಮಣಿಗಳನ್ನು ಒಟ್ಟಿಗೆ ರಾತ್ರಿಯಿಡೀ ನೋಡಬಹುದು. ಗಾಜಿಗೇ ಕಚ್ಚಿಕೊಂಡ ಮಣಿಯೊಂದನ್ನು ಗುರುತಾಗಿಟ್ಟುಕೊಂಡರೆ ಯಂತ್ರ ಸರಿದದ್ದನ್ನೂ ಕಳೆಯಬಹುದು.

ಟೊಪೊಐಸೊಮರೇಸ್ (ಡಿಎನ್‌ಎಯ ಹುರಿ ಬಿಡಿಸುವ ಕಿಣ್ವ) ಥರದ ಕೆಲಸವಿದ್ದರೆ ಧಾರಾಳವಾಗಿ ತಗೊಳ್ಳಿ. ಮಣಿಯನ್ನು ಹಿಡಿದು ಬೇಕಾದ ಕಡೆ ಒಯ್ಯಬೇಕಿದ್ದರೆ ಬೇಡ. ಐದಕ್ಕೆ ಮೂರೂವರೆ ಕೊಡುತ್ತೇನೆ. ಅದರಲ್ಲಿ ಅರ್ಧ ಅಂಕ, ಮಣಿಗಳ ಸ್ಥಾನದ ಕಚ್ಚಾ ದತ್ತಾಂಶವನ್ನು ಬಚ್ಚಿಡದೆ ಕೊಟ್ಟಿದ್ದಕ್ಕೆ.